ಮಳೆ ನಕ್ಷತ್ರಗಳ ಸುತ್ತು

ಮೇ ತಿಂಗಳ ಎರಡನೇ ವಾರ ಬಂತೆಂದರೆ ಮದ್ದೂರು, ಮಳವಳ್ಳಿ ಕಡೆ ಮಾತು ಒಂದೇ: ಕೃತ್ತಿಕೆ ಹುಟ್ಟಿತಾ, ಹುಯ್ತಾ? ನಾಲೆ ನೀರು ನಂಬಿದವರಿಗೆ ಅಷ್ಟು ಆತುರ ಇರುವುದಿಲ್ಲ. ಅವರ ಕಣ್ಣು ಕನ್ನಂಬಾಡಿ ಕಟ್ಟೆಯ ಮಟ್ಟದ ಮೇಲೆ. ನಾಲೆಯ ಕೊನೆ ಭಾಗದವರು, ರಾಗಿ ಹುರುಳಿ ಬಿತ್ತುವ ಬೆದ್ದಲು ಹೊಲದವರು ಮಾತ್ರ ಗೋಡೆಯ ಕ್ಯಾಲೆಂಡರನ್ನೋ ಒಂಟಿಕೊಪ್ಪಲ್ ಪಂಚಾಂಗವನ್ನೋ ತಿರುವಿ ಮಳೆ ನಕ್ಷತ್ರ ನೋಡುತ್ತಾರೆ. ಮೇ 11ರ ಸುಮಾರಿಗೆ ಕೃತ್ತಿಕೆ, 25ರ ಹೊತ್ತಿಗೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ. ನಡುವೆ ಆರಿದ್ರಾ, ಪುನರ್ವಸು ಕಳೆದು ಜುಲೈ 20ಕ್ಕೆ ಪುಷ್ಯ, ಆಗಸ್ಟ್ 3ಕ್ಕೆ ಆಶ್ಲೇಷ. ಒಂದೊಂದಕ್ಕೆ ಹದಿಮೂರು, ಹದಿನಾಲ್ಕು ದಿನ.

ನಕ್ಷತ್ರಗಳು ತಮ್ಮ ಸುತ್ತ ತಾವು ಎಷ್ಟು ಜೋರಾಗಿ ತಿರುಗುತ್ತವೆ, ಒಟ್ಟಿಗೆ ಹುಟ್ಟಿದವುಗಳಲ್ಲೂ ಒಂದು ಯಾಕೆ ಓಡುತ್ತದೆ, ಇನ್ನೊಂದು ಯಾಕೆ ತೆವಳುತ್ತದೆ ಎಂಬ ಪ್ರಶ್ನೆಯನ್ನು ಖಗೋಳ ವಿಜ್ಞಾನ ಬಿಡಿಸಿಕೊಂಡು ಬಂದದ್ದು ಹೆಚ್ಚುಕಡಿಮೆ ಈ ಹೆಸರುಗಳ ಸುತ್ತಲೇ. ಕೃತ್ತಿಕೆ ಎಂಬುದೇ ಒಂದು ನಕ್ಷತ್ರಗುಚ್ಛ. ರೋಹಿಣಿಯ ಹಿಂದೆ ಒಂದು ಗುಚ್ಛವಿದೆ. ಮೃಗಶಿರ ಇರುವ ಓರಾಯನ್ ಪುಂಜದಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಪುಷ್ಯದ ನಡುವೆ ಮಂಜಿನ ಹನಿಯಂತೆ ಕಾಣುವುದು ಇನ್ನೊಂದು ಗುಚ್ಛ. ಆಶ್ಲೇಷದ ತುಸು ಉತ್ತರಕ್ಕೆ ಎಂ67 ಎಂಬ ಮುದಿ ಗುಚ್ಛವಿದೆ. ಎಳೆಯದರಿಂದ ಹಳೆಯದರವರೆಗೆ ಎಲ್ಲ ವಯಸ್ಸಿನವೂ ಒಂದೇ ಮಳೆಗಾಲದ ಪಟ್ಟಿಯಲ್ಲಿ ಸಿಗುತ್ತವೆ.

ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂದು ಸಾಧಿಸಲು ನಾನು ಹೊರಟಿಲ್ಲ. ಅಂಥ ಮಾತು ಹಿರಿಯರಿಗೂ ಗೌರವವಲ್ಲ, ವಿಜ್ಞಾನಕ್ಕೂ ಅಲ್ಲ. ಅವರು ಮಾಡಿದ್ದು ಬೇರೆ ಕೆಲಸ, ಅದೂ ಸಣ್ಣದಲ್ಲ: ಸೂರ್ಯ ಹಾದುಹೋಗುವ ದಾರಿಯನ್ನು ಗುರುತಿಟ್ಟುಕೊಂಡರು. ಕೃತ್ತಿಕೆ ಮಳೆ ಎಂದರೆ ಸೂರ್ಯ ಕೃತ್ತಿಕೆಯ ಭಾಗದಲ್ಲಿರುವ ದಿನಗಳು. ಹಾಗಾಗಿ ಮಳೆಗೆ ಹೆಸರು ಕೊಟ್ಟ ನಕ್ಷತ್ರ ಆ ದಿನಗಳಲ್ಲಿ ಹಗಲು ಹೊತ್ತು ಸೂರ್ಯನ ಜೊತೆಗೇ ಇರುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಈ ದಾರಿಯ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಕ್ಷತ್ರ ತಿರುಗುವುದು ನಮಗೆ ತಿಳಿಯುವುದು ಹೇಗೆ? ಎಂಥ ದೂರದರ್ಶಕದಲ್ಲೂ ಅದು ಬಹುಪಾಲು ಚುಕ್ಕಿಯೇ. 1929ರಲ್ಲಿ ಗ್ರಿಗರಿ ಶಾಯ್ನ್ ಮತ್ತು ಆಟೊ ಸ್ಟ್ರೂವ ಒಂದು ದಾರಿ ತೋರಿಸಿದರು. ತಿರುಗುವ ನಕ್ಷತ್ರದ ಒಂದು ಅಂಚು ನಮ್ಮ ಕಡೆಗೆ ಬರುತ್ತಿರುತ್ತದೆ, ಇನ್ನೊಂದು ಅಂಚು ದೂರ ಸರಿಯುತ್ತಿರುತ್ತದೆ. ಅದರ ಬೆಳಕನ್ನು ಒಡೆದು ರೋಹಿತ ಮಾಡಿದರೆ ಅಲ್ಲಿನ ಕಪ್ಪು ಗೆರೆಗಳು ಎರಡೂ ಕಡೆಗೆ ಹರಡಿ ಅಗಲವಾಗುತ್ತವೆ. ಗೆರೆ ಅಗಲವಾದಷ್ಟೂ ವೇಗ ಹೆಚ್ಚು. ಆದರೆ ನಕ್ಷತ್ರದ ಧ್ರುವವೇ ನಮ್ಮತ್ತ ಮುಖ ಮಾಡಿದ್ದರೆ ಅದು ಎಷ್ಟೇ ಜೋರಾಗಿ ಸುತ್ತಿದರೂ ಗೆರೆ ಸಣ್ಣಗೇ ಇರುತ್ತದೆ. ಒಂದೊಂದು ನಕ್ಷತ್ರ ಎಷ್ಟು ವಾಲಿದೆ ಎಂದು ತಿಳಿಯದೆಯೂ ಇಡೀ ಗುಂಪಿನ ನಿಜವಾದ ವೇಗಗಳ ಹಂಚಿಕೆಯನ್ನು ಲೆಕ್ಕದಿಂದ ಹೊರತೆಗೆಯುವ ಬಗೆಯನ್ನು 1950ರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು ಗೀಡೊ ಮುಂಚ್ ಜೊತೆಗೂಡಿ ಬರೆದರು. ಮೈಸೂರಿನ ಜಿ.ಟಿ. ನಾರಾಯಣರಾವ್ ಅವರ ಕನ್ನಡ ಪುಸ್ತಕದಿಂದ ಚಂದ್ರಶೇಖರ್ ನಮ್ಮಲ್ಲಿ ಹಲವರಿಗೆ ಪರಿಚಿತರು. ಶ್ವೇತಕುಬ್ಜಗಳ ಮಿತಿ ಎಲ್ಲರಿಗೂ ನೆನಪಾಗುತ್ತದೆ, ಈ ಲೆಕ್ಕ ಯಾರ ಬಾಯಲ್ಲೂ ಬರುವುದಿಲ್ಲ.

ಎರಡನೆಯದು ಕಲೆಗಳ ದಾರಿ. ಸೂರ್ಯನ ಮೇಲೆ ಕಪ್ಪು ಕಲೆಗಳಿವೆ. ಕೊಡೈಕೆನಾಲ್ ವೀಕ್ಷಣಾಲಯ ನೂರು ವರ್ಷಕ್ಕೂ ಮೀರಿ ಅವುಗಳ ಚಿತ್ರ ತೆಗೆಯುತ್ತ ಬಂದಿದೆ. ಕಲೆ ಸೂರ್ಯನ ಒಂದಂಚಿನಿಂದ ಇನ್ನೊಂದಂಚಿಗೆ ಸರಿಯುವುದನ್ನು ನೋಡಿದರೆ ಸಾಕು, ಸೂರ್ಯನ ಸುತ್ತಿನ ಲೆಕ್ಕ ಸಿಗುತ್ತದೆ: ಸಮಭಾಜಕದಲ್ಲಿ ಸುಮಾರು 25 ದಿನಕ್ಕೊಂದು ಸುತ್ತು, ವೇಗ ಸೆಕೆಂಡಿಗೆ 2 ಕಿಲೋಮೀಟರ್. ಬೇರೆ ನಕ್ಷತ್ರಗಳ ಕಲೆ ಕಾಣುವುದಿಲ್ಲ. ಆದರೆ ಕಲೆಯಿದ್ದ ಮಗ್ಗುಲು ನಮ್ಮತ್ತ ಬಂದಾಗ ನಕ್ಷತ್ರದ ಬೆಳಕು ಕೂದಲೆಳೆಯಷ್ಟು ಕುಗ್ಗುತ್ತದೆ. ಕುಗ್ಗುವುದು ಎಷ್ಟು ದಿನಕ್ಕೊಮ್ಮೆ ಮರುಕಳಿಸುತ್ತದೆಯೋ ಅಷ್ಟೇ ದಿನಕ್ಕೆ ಒಂದು ಸುತ್ತು. ಇದಕ್ಕೆ ಬೇಕಾದದ್ದು ಕಣ್ಣು ರೆಪ್ಪೆ ಹಾಕದೆ ವಾರಗಟ್ಟಲೆ ಒಂದೇ ಕಡೆ ನೋಡುವ ಯಂತ್ರ.

ನಾಸಾ 2009ರಲ್ಲಿ ಹಾರಿಸಿದ ಕೆಪ್ಲರ್ ಅಂಥ ಯಂತ್ರ. ಅದು ಹಂಸ ಪುಂಜದ ಒಂದೇ ಮೂಲೆಯನ್ನು ನೋಡುತ್ತ ಬೇರೆ ಸೂರ್ಯರ ಗ್ರಹ ಹುಡುಕುತ್ತಿತ್ತು. ಅದನ್ನು ಅಲುಗದಂತೆ ಹಿಡಿಯುವ ನಾಲ್ಕು ಚಕ್ರಗಳಲ್ಲಿ ಒಂದು 2012ರಲ್ಲಿ, ಇನ್ನೊಂದು 2013ರ ಮೇ ತಿಂಗಳಲ್ಲಿ ಕೆಟ್ಟಿತು. ಕಥೆ ಮುಗಿಯಿತು ಎಂದುಕೊಂಡಾಗ ಎಂಜಿನಿಯರುಗಳು ಒಂದು ಉಪಾಯ ಕಂಡುಕೊಂಡರು. ಉಳಿದ ಎರಡು ಚಕ್ರಗಳ ಜೊತೆಗೆ ಬಿಸಿಲಿನ ಒತ್ತಡವನ್ನೇ ಆಸರೆಯಾಗಿ ಬಳಸುವುದು. ಅದಕ್ಕೊಂದು ಕಟ್ಟಳೆ: ಇನ್ನು ಮೇಲೆ ಕೆಪ್ಲರ್ ನೋಡುವುದೇನಿದ್ದರೂ ಸೂರ್ಯನ ದಾರಿಯ ಪಟ್ಟಿಯನ್ನು ಮಾತ್ರ, ಒಂದೊಂದು ಕಡೆ ಎಂಬತ್ತು ದಿನದಷ್ಟು. ಕೆ2 ಎಂಬ ಹೆಸರಿನಲ್ಲಿ 2014ರಿಂದ 2018ರವರೆಗೆ ಅದು ಹೀಗೆ ಬಾಳಿತು. ಸೂರ್ಯನ ದಾರಿ ಎಂದರೆ ಯಾವುದು? ಮಳೆ ನಕ್ಷತ್ರಗಳ ದಾರಿ. 2015ರಲ್ಲಿ ಅದು ಮೊದಲು ಕೃತ್ತಿಕೆ ಮತ್ತು ರೋಹಿಣಿಯತ್ತ ನೋಡಿತು, ಆಮೇಲೆ ಪುಷ್ಯದ ಗುಚ್ಛ ಮತ್ತು ಎಂ67ರತ್ತ. ಚಕ್ರ ಕೆಡದಿದ್ದರೆ ಇವುಗಳ ಸುತ್ತಿನ ಲೆಕ್ಕ ನಮಗೆ ಇಷ್ಟು ಚೆನ್ನಾಗಿ ಸಿಗುತ್ತಲೇ ಇರಲಿಲ್ಲ.

ಕೃತ್ತಿಕೆ ನಮ್ಮಿಂದ ಸುಮಾರು 440 ಜ್ಯೋತಿರ್ವರ್ಷ ದೂರ. ಇಂದು ಕಾಣುವ ಅದರ ಬೆಳಕು ಹೊರಟಾಗ ರಾಜ ಒಡೆಯರು ಇನ್ನೂ ಶ್ರೀರಂಗಪಟ್ಟಣ ಗೆದ್ದಿರಲಿಲ್ಲ. ಅದು ಆದದ್ದು 1610ರಲ್ಲಿ. ಗುಚ್ಛದ ವಯಸ್ಸು ಸುಮಾರು 12 ಕೋಟಿ ವರ್ಷ, ನಕ್ಷತ್ರಗಳ ಲೆಕ್ಕದಲ್ಲಿ ಎಳೆಯ ಪ್ರಾಯ. ಬರಿಗಣ್ಣಿಗೆ ಆರೋ ಏಳೋ ಕಂಡರೂ ಅಲ್ಲಿರುವುದು ಸಾವಿರಕ್ಕೂ ಹೆಚ್ಚು. ಲೂಯಿಸಾ ರೆಬುಲ್ ಮತ್ತು ಜೊತೆಗಾರರು 2016ರಲ್ಲಿ ಕೆ2 ಮಾಹಿತಿಯಿಂದ 759 ಸದಸ್ಯರ ಸುತ್ತಿನ ಅವಧಿ ಪ್ರಕಟಿಸಿದರು. ಸೂರ್ಯನಂಥವು ಸಾಮಾನ್ಯವಾಗಿ ನಾಲ್ಕೈದು ದಿನಕ್ಕೊಂದು ಸುತ್ತು ಹಾಕುತ್ತವೆ. ಸೂರ್ಯನಿಗಿಂತ ತುಸು ಚಿಕ್ಕವುಗಳಲ್ಲಿ ಕೆಲವಕ್ಕೆ ಒಂದು ವಾರ ಬೇಕು, ಅದೇ ತೂಕದ ಇನ್ನು ಕೆಲವಕ್ಕೆ ಒಂದು ದಿನವೂ ಬೇಡ. ತೀರ ಸಣ್ಣ ಕೆಂಪು ನಕ್ಷತ್ರಗಳು ಗಂಟೆಗಳ ಲೆಕ್ಕದಲ್ಲಿ ಗಿರ್ರನೆ ತಿರುಗುತ್ತವೆ.

ದೊಡ್ಡವರ ಕಥೆ ಇನ್ನೂ ವಿಚಿತ್ರ. ಕಾರ್ತಿಕೇಯನಿಗೆ ಹಾಲೂಡಿದ ತಾಯಂದಿರೆಂದು ನಾವು ಹೇಳುವ ಆ ಬೆಳ್ಳನೆಯ ಗುಂಪಿನಲ್ಲಿ ಗ್ರೀಕರು ಮಾಯಾ, ಪ್ಲಿಯೋನಿ ಎಂದು ಕರೆದ ಎರಡು ನಕ್ಷತ್ರಗಳಿವೆ. ಎರಡೂ ಒಂದೇ ಜಾತಿಯವು, ನೀಲಿ ಬಿಳುಪಿನ ಬಿಸಿ ನಕ್ಷತ್ರಗಳು, ಒಂದೇ ಮೋಡದಲ್ಲಿ ಒಂದೇ ಕಾಲಕ್ಕೆ ಹುಟ್ಟಿದವು. ಪ್ಲಿಯೋನಿ ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ತಿರುಗುತ್ತ ಅರ್ಧ ದಿನದಲ್ಲಿ ಒಂದು ಸುತ್ತು ಮುಗಿಸುತ್ತದೆ. ಆ ಓಟಕ್ಕೆ ಅದರ ಸಮಭಾಜಕ ಉಬ್ಬಿ, ಅನಿಲ ಹೊರಕ್ಕೆ ಚಿಮ್ಮಿ ನಡುವಿಗೆ ಬಳೆಯಂತೆ ಸುತ್ತಿಕೊಂಡಿದೆ. ಮಾಯಾಳ ಕಥೆ ಗೊತ್ತಾದದ್ದು 2017ರಲ್ಲಿ. ಕೆಪ್ಲರ್ ಕಣ್ಣಿಗೆ ಈ ನಕ್ಷತ್ರಗಳು ವಿಪರೀತ ಪ್ರಕಾಶ. ಹಾಗಾಗಿ ಟಿಮ್ ವೈಟ್ ಮತ್ತು ಸಂಗಡಿಗರು ಅವುಗಳ ಸುತ್ತ ಚೆಲ್ಲಿದ ಬೆಳಕನ್ನಷ್ಟೇ ಅಳೆದರು. ಮಾಯಾಳ ಮೇಲೊಂದು ದೊಡ್ಡ ರಾಸಾಯನಿಕ ಕಲೆಯಿದೆ, ಅದು 10 ದಿನಕ್ಕೊಮ್ಮೆ ಮರಳಿ ಬರುತ್ತದೆ. ಮಾಯಾ ಒಂದು ಸುತ್ತು ಮುಗಿಸುವಷ್ಟರಲ್ಲಿ ಪ್ಲಿಯೋನಿ ಇಪ್ಪತ್ತು ಸುತ್ತು ಬಂದಿರುತ್ತಾಳೆ.

ಇಷ್ಟು ವ್ಯತ್ಯಾಸ ಎಲ್ಲಿಂದ? ಒಂಟಿ ನಕ್ಷತ್ರವನ್ನು ನೋಡಿ ಇದಕ್ಕೆ ಉತ್ತರ ಹೇಳಲಾಗದು, ಏಕೆಂದರೆ ಅದರ ವಯಸ್ಸೇ ನಮಗೆ ಸರಿಯಾಗಿ ತಿಳಿಯದು. ಗುಚ್ಛದಲ್ಲಿ ಎಲ್ಲವೂ ಓರಗೆಯವು. ವಯಸ್ಸಿನ ಕಾರಣ ಅಲ್ಲಿ ತಾನಾಗಿ ಕಳಚಿಹೋಗುತ್ತದೆ, ಉಳಿದ ಕಾರಣ ಹುಡುಕಿದರೆ ಸಾಕು.

ಮೊದಲು ಹುಟ್ಟಿನ ಹೊತ್ತು. ಅದನ್ನು ನೋಡಲು ಮೃಗಶಿರದ ಕಡೆಗೆ ಬರಬೇಕು. ಓರಾಯನ್ ಸೂರ್ಯಪಥದಿಂದ ದಕ್ಷಿಣಕ್ಕೆ ಸರಿದಿರುವುದರಿಂದ ಕೆ2 ಅತ್ತ ತಿರುಗಲಿಲ್ಲ. ನೆಲದ ಮೇಲಿನ ದೂರದರ್ಶಕಗಳೇ ಆ ಕೆಲಸ ಮಾಡಿದವು. ಪುಂಜದ ನಡುಪಟ್ಟಿಯ ಮೂರು ಚುಕ್ಕಿಗಳ ಕೆಳಗೆ ಮಸುಕಾಗಿ ಕಾಣುವ ನೀಹಾರಿಕೆಯಲ್ಲಿ ಹತ್ತಿಪ್ಪತ್ತು ಲಕ್ಷ ವರ್ಷ ಪ್ರಾಯದ ಕೂಸುಗಳಿವೆ. 1990ರ ದಶಕದಲ್ಲಿ ವಿಲಿಯಂ ಹರ್ಬ್ಸ್ಟ್ ಮತ್ತು ಸಂಗಡಿಗರು ಅಲ್ಲಿ ಕಂಡದ್ದು ಎರಡು ಗುಂಪು: ಒಂದು ಎರಡು ದಿನದ ಆಸುಪಾಸಿನ ಸುತ್ತಿನದು, ಇನ್ನೊಂದು ಎಂಟು ದಿನದ್ದು.

ಅನಿಲದ ಮೋಡ ಕುಸಿಯುತ್ತ ಚಿಕ್ಕದಾದಂತೆ ಅದರ ಸುತ್ತು ಬಿರುಸಾಗಬೇಕು. ಮೋಡದಲ್ಲಿದ್ದ ಕೋನೀಯ ಸಂವೇಗವೆಲ್ಲ, ಅಂದರೆ ತಿರುಗುವಿಕೆಯ ದಾಸ್ತಾನೆಲ್ಲ, ನಕ್ಷತ್ರಕ್ಕೇ ಬಂದಿದ್ದರೆ ಅದು ಒಟ್ಟುಗೂಡುವ ಮೊದಲೇ ಚೆಲ್ಲಾಪಿಲ್ಲಿಯಾಗುತ್ತಿತ್ತು. ಬಹುಪಾಲು ಸಂವೇಗ ಸುತ್ತಲಿನ ಅನಿಲ ಮತ್ತು ದೂಳಿನ ತಟ್ಟೆಗೆ ಹೋಗುತ್ತದೆ; ನಮ್ಮ ಗ್ರಹಗಳು ಹುಟ್ಟಿದ್ದೂ ಅಂಥ ತಟ್ಟೆಯಲ್ಲೇ. ಎಳೆಯ ನಕ್ಷತ್ರದ ಕಾಂತಕ್ಷೇತ್ರ ಈ ತಟ್ಟೆಗೆ ಸಿಕ್ಕಿಕೊಂಡಿರುವಷ್ಟು ಕಾಲ ನಕ್ಷತ್ರ ಎಷ್ಟೇ ಕುಗ್ಗಿದರೂ ಅದರ ಸುತ್ತು ಏರುವುದಿಲ್ಲ. ತಟ್ಟೆ ಕರಗಿದ ಮರುಗಳಿಗೆಯಿಂದ ಹಿಡಿತ ತಪ್ಪಿ ವೇಗ ಏರುತ್ತದೆ. ತಟ್ಟೆ ಬೇಗ ಕಳೆದುಕೊಂಡವು ವೇಗಿಗಳು, ಹೆಚ್ಚು ಕಾಲ ಉಳಿಸಿಕೊಂಡವು ನಿಧಾನಿಗಳು. ತಟ್ಟೆಗಳು ಬಾಳುವುದು ಕೆಲವು ದಶಲಕ್ಷ ವರ್ಷ ಮಾತ್ರ. ಅಷ್ಟರೊಳಗೆ ನಡೆದದ್ದು ಕೋಟಿಗಟ್ಟಲೆ ವರ್ಷದ ಹಣೆಬರಹವಾಗುತ್ತದೆ.

ಇಲ್ಲಿ ನೆರೆಹೊರೆಯ ಪಾತ್ರವೂ ಇದೆ. ಓರಾಯನ್ ನೀಹಾರಿಕೆಯ ನಡುವಿನ ದೈತ್ಯ ನಕ್ಷತ್ರದ ಅತಿನೇರಳೆ ಬೆಳಕು ಹತ್ತಿರದ ಕೂಸುಗಳ ತಟ್ಟೆಗಳನ್ನು ಸುಟ್ಟು ಆವಿ ಮಾಡುತ್ತಿರುವುದನ್ನು ಹಬಲ್ ದೂರದರ್ಶಕ 1990ರ ದಶಕದಲ್ಲೇ ಚಿತ್ರ ಹಿಡಿದಿದೆ. ಅಂದರೆ ಯಾವ ನಕ್ಷತ್ರ ಎಷ್ಟು ಜೋರು ತಿರುಗಬೇಕೆಂಬುದನ್ನು ಅದರ ತೂಕವೊಂದೇ ತೀರ್ಮಾನಿಸುವುದಿಲ್ಲ. ಯಾರ ಪಕ್ಕದಲ್ಲಿ ಹುಟ್ಟಿತು ಎಂಬುದೂ ಸೇರುತ್ತದೆ.

ಆಮೇಲಿನದು ಬ್ರೇಕಿನ ಕಥೆ. ಸೂರ್ಯನಿಂದ ಸದಾ ವಿದ್ಯುತ್ ಕಣಗಳ ಗಾಳಿ ಬೀಸುತ್ತಿರುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ಟನ್ನಿಗೂ ಮಿಕ್ಕಿ ವಸ್ತು ಹೊರಹೋದರೂ ಸೂರ್ಯನ ತೂಕಕ್ಕೆ ಅದು ಲೆಕ್ಕಕ್ಕೇ ಇಲ್ಲ. ಇಷ್ಟು ಹಗುರ ಗಾಳಿ ಅಷ್ಟು ದೊಡ್ಡ ಗೋಳವನ್ನು ಹೇಗೆ ತಡೆದೀತು? ಎಂಜಿನ್ ಬರುವ ಮೊದಲು ಮಂಡ್ಯ ಸೀಮೆಯ ಆಲೆಮನೆಗಳಲ್ಲಿ ಎತ್ತು ಕಟ್ಟಿ ಕಬ್ಬಿನ ಗಾಣ ತಿರುಗಿಸುತ್ತಿದ್ದರಲ್ಲ, ಎತ್ತನ್ನು ಕಟ್ಟುತ್ತಿದ್ದದ್ದು ಉದ್ದನೆಯ ಮರದ ತುದಿಗೆ. ಬುಡದಲ್ಲಿ ನಾಲ್ಕಾಳು ಹಿಡಿದರೂ ನಿಲ್ಲದ ಗಾಣವನ್ನು ಆ ತುದಿಯಲ್ಲಿ ಒಬ್ಬ ಹುಡುಗ ಎದುರು ಒತ್ತಿದರೆ ನಿಧಾನ ಮಾಡಬಹುದು. ಸೂರ್ಯನ ಕಾಂತರೇಖೆಗಳೂ ಅಂಥ ಉದ್ದನೆಯ ಮರವೇ. ಹೊರಟ ಗಾಳಿಯನ್ನು ಅವು ತಕ್ಷಣ ಬಿಡದೆ ದೂರದವರೆಗೆ ತಮ್ಮ ಜೊತೆಗೇ ತಿರುಗಿಸಿ ಆಮೇಲೆ ಕೈಬಿಡುತ್ತವೆ. ನಾಸಾದ ಪಾರ್ಕರ್ ನೌಕೆ 2021ರ ಏಪ್ರಿಲ್‌ನಲ್ಲಿ ಹೀಗೆ ಕೈಬಿಡುವ ಗಡಿಯನ್ನು ಮೊದಲ ಸಲ ದಾಟಿದಾಗ ಅದು ಸೂರ್ಯನ ತ್ರಿಜ್ಯದ ಸುಮಾರು 19 ಪಟ್ಟು ದೂರದಲ್ಲಿತ್ತು. ಅಷ್ಟು ದೂರದ ತುದಿಯಿಂದ ಬಿಟ್ಟುಕೊಟ್ಟ ಪ್ರತಿ ಕಣವೂ ತನ್ನ ತೂಕಕ್ಕೆ ಮೀರಿದ ಸಂವೇಗವನ್ನು ಹೊತ್ತೊಯ್ಯುತ್ತದೆ. ಹೀಗೊಂದು ಬ್ರೇಕು ಇರಬೇಕೆಂದು ಫ್ರಾನ್ಸಿನ ಎವ್ರಿ ಶಾಟ್ಸ್‌ಮನ್ 1962ರಲ್ಲಿ ವಾದಿಸಿದ್ದರು.

ಬ್ರೇಕಿನ ಗುಣ ಏನೆಂದರೆ, ಹೆಚ್ಚು ಓಡುವವನ ಮೇಲೆ ಅದು ಹೆಚ್ಚು ಬೀಳುತ್ತದೆ. ಜೋರಾಗಿ ತಿರುಗುವ ನಕ್ಷತ್ರದ ಕಾಂತಕ್ಷೇತ್ರ ಬಲವಾಗಿರುತ್ತದೆ, ಅದರ ಗಾಳಿಯೂ ಬಿರುಸು, ಹಾಗಾಗಿ ಅದು ಸಂವೇಗವನ್ನು ಬೇಗ ಕಳೆದುಕೊಳ್ಳುತ್ತದೆ. ಕೊನೆಗೆ ಹುಟ್ಟಿನಲ್ಲಿದ್ದ ಭೇದವೇ ಅಳಿಸಿಹೋಗುತ್ತದೆ. ಇದಕ್ಕೆ ಸಾಕ್ಷಿ ರೋಹಿಣಿ ಮತ್ತು ಪುಷ್ಯ. ರೋಹಿಣಿ ಎಂದು ನಾವು ಬೊಟ್ಟುಮಾಡುವ ಕೆಂಪು ನಕ್ಷತ್ರ 65 ಜ್ಯೋತಿರ್ವರ್ಷದಲ್ಲಿದೆ. ಗುಚ್ಛ ಅದರ ಹಿಂದೆ, ನಮ್ಮಿಂದ ಸುಮಾರು 150 ಜ್ಯೋತಿರ್ವರ್ಷ ದೂರದಲ್ಲಿದೆ. ಹಳೇ ಮೈಸೂರು ಸೀಮೆ 1876–78ರ ಧಾತು ಈಶ್ವರ ಬರದಲ್ಲಿ ನಲುಗುತ್ತಿದ್ದ ಕಾಲದ ಬೆಳಕು ಈಗ ನಮ್ಮ ಕಣ್ಣಿಗೆ ಬರುತ್ತಿದೆ. ಪುಷ್ಯದ ಗುಚ್ಛ ಸುಮಾರು 600 ಜ್ಯೋತಿರ್ವರ್ಷ. ಎರಡರ ವಯಸ್ಸೂ ಹತ್ತಿರ ಹತ್ತಿರ 65, 70 ಕೋಟಿ ವರ್ಷ. ಇವುಗಳಲ್ಲಿ ಸೂರ್ಯನಷ್ಟೇ ತೂಕದವನ್ನು ಆರಿಸಿ ನೋಡಿದರೆ ಕೃತ್ತಿಕೆಯ ಚೆಲ್ಲಾಪಿಲ್ಲಿ ಇಲ್ಲ, ಬಹುಪಾಲು ಎಲ್ಲವೂ ಎಂಟು, ಹತ್ತು ದಿನದ ಒಂದೇ ಸಾಲಿಗೆ ಬಂದು ನಿಂತಿವೆ.

ಅಮೆರಿಕದ ಆಂಡ್ರ್ಯೂ ಸ್ಕುಮಾನಿಚ್ 1972ರಲ್ಲಿ ಕೆಲವೇ ಪುಟಗಳ ಲೇಖನವೊಂದರಲ್ಲಿ ಕೃತ್ತಿಕೆ, ರೋಹಿಣಿಯ ಗುಚ್ಛ ಮತ್ತು ಸೂರ್ಯ ಇವನ್ನು ಒಂದೇ ಗೆರೆಯ ಮೇಲೆ ಇಟ್ಟರು. ವಯಸ್ಸು ನಾಲ್ಕು ಪಟ್ಟಾದರೆ ಒಂದು ಸುತ್ತಿನ ಅವಧಿ ಎರಡು ಪಟ್ಟು. ಲೆಕ್ಕ ಹಾಕಿ ನೋಡಿ: ರೋಹಿಣಿಯ ಗುಚ್ಛಕ್ಕಿಂತ ಸೂರ್ಯ ಸುಮಾರು ಏಳು ಪಟ್ಟು ಹಳಬ, ಏಳರ ವರ್ಗಮೂಲ ಎರಡೂವರೆ ಚಿಲ್ಲರೆ, ಒಂಬತ್ತೂವರೆ ದಿನವನ್ನು ಅದರಿಂದ ಗುಣಿಸಿದರೆ 25 ದಿನ. ಸೂರ್ಯನ ಸುತ್ತು ಅಷ್ಟೇ. ಇದೇ ನಂಟನ್ನು ತಿರುಗಿಸಿ, ಸುತ್ತು ನೋಡಿ ವಯಸ್ಸು ಹೇಳುವ ವಿದ್ಯೆಯನ್ನು 2003ರ ನಂತರ ಸಿಡ್ನಿ ಬಾರ್ನ್ಸ್ ಬೆಳೆಸಿದರು. ಪರೀಕ್ಷೆಗೆ ಒದಗಿದ್ದು ಆಶ್ಲೇಷದ ಬಳಿಯ ಎಂ67. ಅದರ ವಯಸ್ಸು ಸುಮಾರು 400 ಕೋಟಿ ವರ್ಷ, ಹೆಚ್ಚುಕಡಿಮೆ ಸೂರ್ಯನ ಓರಗೆ. ಕೆ2 ಮಾಹಿತಿಯಲ್ಲಿ ಅಲ್ಲಿನ ಸೂರ್ಯನಂಥ ನಕ್ಷತ್ರಗಳ ಸುತ್ತು 2016ರಲ್ಲಿ ಸಿಕ್ಕಿತು: ಸುಮಾರು 26 ದಿನ.

ಇಷ್ಟಕ್ಕೇ ನಿಂತಿದ್ದರೆ ಪಠ್ಯಪುಸ್ತಕಕ್ಕೆ ಚೆನ್ನಾಗಿತ್ತು. 2019ರಲ್ಲಿ ಜೇಸನ್ ಕರ್ಟಿಸ್ ಮತ್ತು ಸಂಗಡಿಗರು ನೂರು ಕೋಟಿ ವರ್ಷದ ಎನ್‌ಜಿಸಿ 6811 ಗುಚ್ಛದಲ್ಲಿ ಸೂರ್ಯನಿಗಿಂತ ಚಿಕ್ಕ ನಕ್ಷತ್ರಗಳನ್ನು ನೋಡಿದರು. ವಯಸ್ಸು ಮುಂದೆ ಹೋಗಿದ್ದರೂ ಅವುಗಳ ಸುತ್ತು ಪುಷ್ಯದವುಗಳಷ್ಟೇ ಇತ್ತು. ಬ್ರೇಕು ಹಾಕಿದರೂ ವೇಗ ಇಳಿದಿಲ್ಲ. ಒಳಗಿನ ತಿರುಳು ಇನ್ನೂ ಜೋರಾಗಿ ತಿರುಗುತ್ತಿದ್ದು, ಹೊರಪದರ ಕಳೆದುಕೊಂಡ ಸಂವೇಗವನ್ನು ತಿರುಳು ತುಂಬಿಕೊಡುತ್ತಿದೆ ಎಂಬುದು ಈಗ ಹೆಚ್ಚು ಒಪ್ಪಿತವಾದ ವಿವರಣೆ.

ಪ್ಲಿಯೋನಿ, ಮಾಯಾ ಮಾತ್ರ ಈ ಲೆಕ್ಕಕ್ಕೆ ಸಿಗುವವರಲ್ಲ. ಸೂರ್ಯನ ಸುಮಾರು 1.3 ಪಟ್ಟು ತೂಕ ದಾಟಿದ ನಕ್ಷತ್ರದ ಹೊರಪದರದಲ್ಲಿ ಕುದಿಯುವ ಅನಿಲ ಇಲ್ಲವೆನ್ನುವಷ್ಟು ತೆಳು, ಕಾಂತಕ್ಷೇತ್ರ ಹುಟ್ಟಬೇಕಾದದ್ದು ಆ ಕುದಿತದಿಂದಲೇ. ಬ್ರೇಕಿಲ್ಲದೆ ಅವು ಬಾಳುದ್ದಕ್ಕೂ ಓಡುತ್ತವೆ. ರಾಬರ್ಟ್ ಕ್ರಾಫ್ಟ್ 1967ರಲ್ಲಿ ಗುರುತಿಸಿದ ಈ ಗಡಿಗೆ ಅವರದೇ ಹೆಸರು. ಹಾಗಾದರೆ ಮಾಯಾಳಂಥವು ನಿಧಾನ ಯಾಕೆ? ಮೂರು ವಾದಗಳಿವೆ: ಕೂಸಾಗಿದ್ದಾಗ ತಟ್ಟೆ ಹೆಚ್ಚು ಕಾಲ ಹಿಡಿದಿಟ್ಟಿತು ಎಂಬುದು ಒಂದು, ಜೋಡಿ ನಕ್ಷತ್ರದ ಗುರುತ್ವ ಜಗ್ಗಿ ನಿಧಾನ ಮಾಡಿತು ಎಂಬುದು ಇನ್ನೊಂದು, ಎರಡು ನಕ್ಷತ್ರ ಸೇರಿ ಒಂದಾದ ಮೇಲೆ ಸುತ್ತು ಕುಗ್ಗಿತು ಎಂಬುದು ಮತ್ತೊಂದು. ಯಾವ ಒಂದು ವಾದವೂ ಎಲ್ಲ ಗುಚ್ಛಗಳನ್ನೂ ವಿವರಿಸಿ ಗೆದ್ದಿಲ್ಲ. ನನಗೆ ಕಾಣುವಂತೆ ಒಂದೇ ಉತ್ತರ ಬೇಕೆಂಬ ಹಟವೇ ಇಲ್ಲಿ ತೊಡಕು.

ಈ ದೊಡ್ಡ ನಕ್ಷತ್ರಗಳ ವಿಷಯದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕೆಲಸ ಎದ್ದು ಕಾಣುತ್ತದೆ. ಮದ್ದೂರಿನಿಂದ ಅರ್ಧ ದಿನದ ದಾರಿಯ ಹೊಸಕೋಟೆಯಲ್ಲಿ ಕೂತು ಅಲ್ಲಿನವರು ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಕನ್ನಡಿಯ ಚಂದ್ರ ದೂರದರ್ಶಕವನ್ನು ನಡೆಸುತ್ತಾರೆ. ಅದರಿಂದ ಬ್ಲೆಸನ್ ಮ್ಯಾಥ್ಯೂ, ಅನ್ನಪೂರ್ಣಿ ಸುಬ್ರಮಣ್ಯಂ, ಬಿ.ಸಿ. ಭಟ್ 207 ಗುಚ್ಛಗಳನ್ನು ಜಾಲಾಡಿ, ಪ್ಲಿಯೋನಿಯಂತೆ ನಡುವಿಗೆ ಅನಿಲದ ಬಳೆ ತೊಟ್ಟು ಬೆಳಗುವ ನಕ್ಷತ್ರಗಳನ್ನು ಹುಡುಕಿದರು. 42 ಗುಚ್ಛಗಳಲ್ಲಿ 157 ಸಿಕ್ಕವು. 2008ರಲ್ಲಿ ಅವರು ಹೇಳಿದ್ದು: ಒಂದು ಕೋಟಿ ವರ್ಷವೂ ತುಂಬದ ಗುಚ್ಛಗಳಲ್ಲೂ ಇಂಥವು ಇವೆ, ಆದ್ದರಿಂದ ಕೆಲವು ಹುಟ್ಟು ವೇಗಿಗಳು, ಎರಡು ಮೂರು ಕೋಟಿ ವರ್ಷದ ಗುಚ್ಛಗಳಲ್ಲಿ ಇವು ಮತ್ತೆ ಹೆಚ್ಚಾಗುತ್ತವೆ, ಆದ್ದರಿಂದ ಕೆಲವು ಬಾಳಿನ ನಡುವೆ ಹಾಗಾದವು. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕದಿಂದ ಅದೇ ಸಂಸ್ಥೆಯವರು ಎಂ67ರಲ್ಲಿ ಗುಚ್ಛದ ವಯಸ್ಸಿಗೆ ಒಪ್ಪದಷ್ಟು ನೀಲಿಯಾಗಿ, ಎಳೆಯದಾಗಿ ಕಾಣುವ ನಕ್ಷತ್ರಗಳನ್ನು ನೋಡಿದರು. ಕೆಲವುಗಳ ಪಕ್ಕ ಬಿಸಿ ಶ್ವೇತಕುಬ್ಜ ಅಡಗಿತ್ತು. ಸಾಯುವ ಜೊತೆಗಾರ ತನ್ನ ಅನಿಲವನ್ನು ಪಕ್ಕದವನಿಗೆ ಸುರಿದಿದ್ದಾನೆ. ಹಾಗೆ ಬಂದ ಅನಿಲದ ಜೊತೆಗೆ ಸಂವೇಗವೂ ಬರುತ್ತದೆ, ಮುದಿ ನಕ್ಷತ್ರ ಮತ್ತೆ ಜೋರಾಗಿ ತಿರುಗಬಲ್ಲದು. ಇನ್ನು 2023ರ ಸೆಪ್ಟೆಂಬರಿನಲ್ಲಿ ಹೊರಟ ಆದಿತ್ಯ ಎಲ್1 ನಮ್ಮ ಸೂರ್ಯನ ಗಾಳಿಯನ್ನೇ ಅಳೆಯುತ್ತಿದೆ, ಅಂದರೆ ಆ ಬ್ರೇಕನ್ನು.

ಕೃತ್ತಿಕೆಯಿಂದ ಎಂ67ರವರೆಗಿನ ಈ ಐದನ್ನೂ ಒಂದೇ ರಾತ್ರಿ ನೋಡಬಹುದು, ಮಳೆಗಾಲದಲ್ಲಲ್ಲ. ಅದಕ್ಕೆ ಶಿವರಾತ್ರಿಯ ಜಾಗರಣೆಗಿಂತ ಒಳ್ಳೆಯ ಹೊತ್ತಿಲ್ಲ. ಮರುದಿನ ಅಮಾವಾಸ್ಯೆ, ಚಂದ್ರನ ಕಾಟವಿರುವುದಿಲ್ಲ. ಊರಿನ ದೀಪ ಬಿಟ್ಟು ಆಚೆ ಹೋಗಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಕರೆಂಟಿನಿಂದ 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಇಂದು ಮದ್ದೂರಿನಿಂದ ಈಶಾನ್ಯಕ್ಕೆ ನೋಡಿದರೆ ಬೆಂಗಳೂರಿನ ಬೆಳಕೇ ನಕ್ಷತ್ರಗಳನ್ನು ನುಂಗುತ್ತದೆ. ಹಾಗಾಗಿ ಅತ್ತ ಬೆನ್ನು ಮಾಡಿ ನಿಲ್ಲಿ. ರಾತ್ರಿ ಎಂಟೂವರೆಯ ಹೊತ್ತಿಗೆ ಪಶ್ಚಿಮಕ್ಕೆ ಕೃತ್ತಿಕೆ, ಅದರ ಮೇಲೆ ರೋಹಿಣಿ, ನೆತ್ತಿಯ ಹತ್ತಿರ ಮೃಗಶಿರ ಇರುತ್ತವೆ. ಆಮೇಲೆ ಪೂರ್ವಕ್ಕೆ ತಿರುಗಿದರೆ ಕರ್ಕಾಟಕದಲ್ಲಿ ಪುಷ್ಯದ ಮಸುಕು ಕಾಣುತ್ತದೆ. ಎಂ67 ಬರಿಗಣ್ಣಿಗೆ ಸಿಗದು, ಅದಕ್ಕೆ ಬೈನಾಕ್ಯುಲರ್ ಬೇಕು. ಮನೆಯಲ್ಲಿ ಇಲ್ಲದಿದ್ದರೆ ಊರಿನ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರನ್ನು ಕೇಳಿ, ಜೊತೆಗೆ ಅವರನ್ನೂ ಹೊರಡಿಸಿ.